ಪರದೆಯ ಹಿಂದಿನವರು

ವಿಜಯಪುರ ನಗರದ ಒಂದು ರಂಗಮಂದಿರಕ್ಕೆ ನಾಟಕಕಾರ ಕಂದಗಲ್ ಹನುಮಂತರಾಯರ ಹೆಸರಿದೆ. ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಅಕ್ಷಯಾಂಬರ’ಗಳನ್ನು ಕೊಟ್ಟವರಿಗೆ ಸಲ್ಲತಕ್ಕ ಗೌರವವೇ ಅದು. ನಟರ ಪೈಕಿ ಹಂದಿಗನೂರು ಸಿದ್ರಾಮಪ್ಪನವರನ್ನೂ ನಮ್ಮ ಜಿಲ್ಲೆ ಮರೆತಿಲ್ಲ. ತರಗತಿಯಲ್ಲಿ ನಾಟಕದ ಇತಿಹಾಸ ಹೇಳುವಾಗ ಬರೆದವರ ಹೆಸರು, ಆಡಿದವರ ಹೆಸರು ಇಷ್ಟನ್ನೇ ನಾನೂ ಹೇಳುತ್ತ ಬಂದವನು. ಆದರೆ ಪಾಠ ಮುಗಿದ ಮೇಲೆ ಪ್ರತಿಸಲವೂ ಒಂದು ಸಾಲ ತೀರದೆ ಉಳಿದಂತೆ ಮನಸ್ಸಿಗೆ ತೋರುತ್ತದೆ.

ಈ ಸೀಮೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಮರಾಠಿ ನಾಟಕಗಳ ಭರಾಟೆಯ ನಡುವೆ ಗದಗಿನ ಶಾಂತಕವಿಗಳು 1870ರ ದಶಕದಲ್ಲೇ ಕನ್ನಡಕ್ಕೊಂದು ಮಂಡಳಿ ಕಟ್ಟಿದರು. 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿದ ಮೇಲಂತೂ ಸಂಗೀತ ನಾಟಕದ ಹುಚ್ಚು ಎಲ್ಲೆಡೆ ಹಬ್ಬಿತು. ಆಗಿನ ವಿಜಾಪುರ ಜಿಲ್ಲೆಯ ಹುನಗುಂದ ತಾಲೂಕಿನ ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿದ ಹನುಮಂತರಾಯರು ಈ ಗಾಳಿಯಲ್ಲಿ ಬೆಳೆದವರು, 1966ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಸಿನಿಮಾ ಬಂದು ಎಷ್ಟೋ ಕಂಪನಿಗಳು ಡೇರೆ ಕಿತ್ತಿದ್ದವು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರಂಥ ಗಾಯಕಿಯೇ ಹಿಂದೀ ಚಿತ್ರಗಳ ಪಾಲಾದರು. ವಿಜಯಪುರದಲ್ಲಿ ಅವರ ಹೆಸರಿನ ಚಿತ್ರಮಂದಿರವೂ ಎದ್ದಿತು. ಆದರೂ ‘ರಕ್ತರಾತ್ರಿ’ ಸಾಯಲಿಲ್ಲ. ಕಂಪನಿಯ ಡೇರೆಯಿಂದ ಇಳಿದು ಹಳ್ಳಿಯ ಜಾತ್ರೆಯ ಬಯಲಿಗೆ ಬಂತು.

ಅಲ್ಲಿ ಅದನ್ನು ಉಳಿಸಿದವರು ಯಾರು? ಈಗ ತಾಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ಕಡೆ ನಾಟಕವೆಂದರೆ ತಿಂಗಳುಗಟ್ಟಲೆಯ ಕೆಲಸ. ಮಾಸ್ತರರು ಒಬ್ಬೊಬ್ಬರ ಮಾತನ್ನು ಬೇರೆ ಬೇರೆ ಬರೆದು ಕೊಡಬೇಕು. ಓದು ಬಾರದವನಿಗೆ ಕಿವಿಯೇ ಪುಸ್ತಕ. ಹೊಲದ ದುಡಿತ ಮುಗಿಸಿ, ರಾತ್ರಿ ಹಾರ್ಮೋನಿಯಂ ಎದುರಿಗೆ ತಾಲೀಮು. ಆಟದ ದಿನ ಅರಮನೆ, ಬೀದಿ, ಕಾಡು ಎಲ್ಲವೂ ಸುರುಳಿ ಸುತ್ತಿಕೊಂಡು ಬಾಡಿಗೆಗೆ ಬಂದಿಳಿಯುತ್ತವೆ. ಬಣ್ಣದವನು ಕೊಬ್ಬರಿ ಎಣ್ಣೆ, ಸಫೇದ ಕಲಸಿಕೊಂಡು ಕುಳಿತರೆ ಕೌರವ ಪಾಂಡವರು ವೈರ ಮರೆತು ಒಂದೇ ಸಾಲಿನಲ್ಲಿ ಕಾಯುತ್ತಾರೆ. ಸ್ತ್ರೀಪಾತ್ರದ ವೃತ್ತಿನಟಿಯರು ಮಾತ್ರ ಅಂದು ಬಂದು, ಅಂದೇ ಆಡಿ ಹೋಗತಕ್ಕವರು. ಅದೇ ನಾಟಕವನ್ನು ಹತ್ತೂರಲ್ಲಿ ಆಡಿದವರಾದ್ದರಿಂದ ತಮ್ಮ ಮಾತಲ್ಲದೆ ಎದುರಿನವರ ಮಾತೂ ಅವರಿಗೆ ಬಾಯಿಪಾಠ.

ಇದನ್ನು ನಾನು ತಿಳಿದದ್ದು ನನ್ನ ತಪ್ಪಿನಿಂದಲೇ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಕಾಲೇಜು ಓದುವ ಹುಡುಗನೆಂಬ ಕಾರಣಕ್ಕೆ, ಬಬಲೇಶ್ವರದ ಹತ್ತಿರದ ಹಳ್ಳಿಯೊಂದರ ‘ರಕ್ತರಾತ್ರಿ’ಗೆ ನನ್ನನ್ನು ಪ್ರಾಂಪ್ಟರ್ ಮಾಡಿದ್ದರು. ನಡುರಾತ್ರಿಯ ಮೇಲೆ ನಿದ್ದೆಗಣ್ಣಿನಲ್ಲಿ ಎರಡು ಹಾಳೆಗಳನ್ನು ಒಟ್ಟಿಗೆ ತಿರುವಿಬಿಟ್ಟೆ. ನಾನು ಪಿಸುಗುಟ್ಟಿದ ಮಾತು ತನ್ನದಲ್ಲವೆಂದು ಭೀಮನಿಗೆ ತಿಳಿಯಿತು. ತನ್ನದು ಯಾವುದೆಂದು ಮಾತ್ರ ನೆನಪಾಗಲಿಲ್ಲ. ಗದೆ ಹೊತ್ತು ಕಂಬದಂತೆ ನಿಂತ. ಬಯಲು ಸ್ತಬ್ಧವಾಯಿತು. ಆಗ ದ್ರೌಪದಿ ಅಳುವವಳಂತೆ ಸೆರಗನ್ನು ಬಾಯಿಗಿಟ್ಟು, ಅದರ ಮರೆಯಲ್ಲೇ ಅವನ ಮಾತನ್ನು ಎತ್ತಿಕೊಟ್ಟಳು. ಭೀಮ ಗರ್ಜಿಸಿದ. ಜನ ಅವಳ ದುಃಖಕ್ಕೆ ಕಣ್ಣೊರೆಸಿಕೊಂಡರು.

ಬೆಳಗಿಗೆ ಮಾಸ್ತರರು ‘ಪುಸ್ತಕ ಚೆನ್ನಾಗಿ ಹಿಡಿದೆ’ ಎಂದು ನನ್ನ ಬೆನ್ನು ತಟ್ಟಿದರು. ನಾನು ಸುಮ್ಮನಿದ್ದೆ. ಬಣ್ಣ ತೊಳೆದುಕೊಂಡ ಆ ಹೆಣ್ಣುಮಗಳು ಟ್ರಂಕಿನ ಮೇಲೆ ಕುಳಿತು ಮೊದಲ ಬಸ್ಸಿಗೆ ಕಾಯುತ್ತಿದ್ದರು. ಹೋಗಿ ಒಂದು ಮಾತು ಹೇಳಬಹುದಾಗಿತ್ತು, ಹೇಳಲಿಲ್ಲ.

ನಾಟಕವನ್ನು ಕವಿ ಬರೆಯುತ್ತಾನೆ, ನಿಜ. ಅದು ಬೆಳಗಿನವರೆಗೆ ಮುರಿಯದೆ ನಡೆಯುವುದು ಇಂಥವರಿಂದ. ಮಾತು ಬರೆದುಕೊಟ್ಟ ಮಾಸ್ತರರು, ಪರದೆ ಎಳೆದವರು, ಬಣ್ಣ ಬಳಿದವರು ಇನ್ನೂ ಕೆಲವರು ನಮ್ಮ ಊರುಗಳಲ್ಲಿ ಇದ್ದಾರೆ. ಅವರು ಇರುವಾಗಲೇ ಕೇಳಿ ಬರೆದಿಡುವುದು ನಮ್ಮಂಥವರ ಕೆಲಸ. ಮುಂದಿನ ಸಲ ತರಗತಿಯಲ್ಲಿ ಹನುಮಂತರಾಯರ ಹೆಸರು ಹೇಳಿದ ಮೇಲೆ ಆ ರಾತ್ರಿಯ ಸಂಗತಿಯನ್ನೂ ಹೇಳಬೇಕೆಂದಿದ್ದೇನೆ. ದ್ರೌಪದಿಯಾಗಿದ್ದವರ ಹೆಸರೇನೆಂದು ಹುಡುಗರು ಕೇಳಿದರೆ, ಅಂದು ನಾನು ಕೇಳಲಿಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ.