ಬೀದರಿನ ನಾಲ್ಕು ಅಂಗುಲ

ಭೂಪಟದಲ್ಲಿ ಬೀದರ, ಭಾಲ್ಕಿ, ಔರಾದಗಳನ್ನು ತಪ್ಪಿಲ್ಲದೆ ಗುರುತಿಸಲು ಆಗ ನೆಲದ ಮೇಲೆ ಅಳೆದ ಒಂದು ಆಧಾರರೇಖೆ ಬೇಕಾಗಿತ್ತು. ಬೀದರಿನ ಬಳಿ ಅಂತಹ ರೇಖೆಯನ್ನು 1815ರಲ್ಲಿ ಲ್ಯಾಂಬ್ಟನ್ನರು ಉಕ್ಕಿನ ಸರಪಳಿಯಿಂದ ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುವುದು. ಆದುದರಿಂದ ಸರಪಳಿಯ ಜೊತೆಗೆ ಉಷ್ಣಮಾಪಕವನ್ನೂ ಇಡಬೇಕಾಯಿತು. 1841ರಲ್ಲಿ ಆಂಡ್ರ್ಯೂ ವಾ ಅವರು ಹಿತ್ತಾಳೆ ಕಬ್ಬಿಣಗಳ ಹಿಗ್ಗನ್ನು ಸರಿದೂಗಿಸುವ ಕೋಲ್ಬಿ ಪಟ್ಟಿಗಳಿಂದ ಮತ್ತೆ ಅಳೆದರು. 400 ಮೈಲಿಗೂ ಆಚೆ, ಮಧ್ಯಪ್ರದೇಶದ ಸಿರೋಂಜಿನಲ್ಲಿ ಅಳೆದಿದ್ದ ರೇಖೆಯಿಂದ ತ್ರಿಕೋನಗಳ ಸಾಲನ್ನು ಹಿಡಿದು ಇದೇ ಉದ್ದವನ್ನು ಗುಣಿಸಿಯೂ ನೋಡಿದರು. ಸುಮಾರು 8 ಮೈಲಿಯ ರೇಖೆಯಲ್ಲಿ ಅಂತರ 4 ಅಂಗುಲಕ್ಕೆ ತುಸು ಮಿಕ್ಕಿತ್ತು. ಅದನ್ನು ಮರೆಮಾಚದೆ ದಾಖಲೆಯಲ್ಲಿ ಬರೆದಿಟ್ಟರು.

ನಿಜವಾದ ಉದ್ದವನ್ನು ಬಲ್ಲವರಾರು? ಎರಡು ದಾರಿಗಳಿಂದ ಬಂದ ಉತ್ತರಗಳು ಎಷ್ಟರಮಟ್ಟಿಗೆ ತಾಳೆಯಾಗುತ್ತವೆ ಎಂಬುದಷ್ಟೇ ನಮಗೆ ತಿಳಿಯುವುದು. ತನ್ನ ಅನುಮಾನವನ್ನೂ ಲೆಕ್ಕದಲ್ಲಿ ತೋರಿಸಿದ ಅಳತೆಯೇ ನೆಚ್ಚತಕ್ಕ ಅಳತೆ.