ಅರ್ಲ್ ಪದವಿಗೆ ದುಡಿದವರು ಯಾರು?

ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹೇರ್‌ವುಡ್ ಹೌಸ್ ಅಂತ ಅರಮನೆಯಂಥ ಮನೆ ಇದೆ. ಲಾಸೆಲ್ಸ್ ಮನೆತನದ್ದು. ವೆಸ್ಟ್ ಇಂಡೀಸ್‌ನ ಸಕ್ಕರೆ, ಗುಲಾಮರ ವ್ಯಾಪಾರದ ದುಡ್ಡಲ್ಲಿ 1759ರಲ್ಲಿ ಕಟ್ಟೋಕೆ ಶುರು ಮಾಡಿದ್ರು. ದುಡ್ಡಿನ ಹಿಂದೆ ಪದವಿ ಬಂತು: 1790ರಲ್ಲಿ ಬ್ಯಾರನ್, 1812ರಲ್ಲಿ ಅರ್ಲ್. ಆಮೇಲೆ ಅದು ಹುಟ್ಟಿನ ಹಕ್ಕಾಯ್ತು. 1922ರಲ್ಲಿ ರಾಜನ ಮಗಳೇ ಆ ಮನೆಗೆ ಸೊಸೆಯಾಗಿ ಬಂದಳು.

1833ರಲ್ಲಿ ಪಾರ್ಲಿಮೆಂಟ್ ಗುಲಾಮಗಿರಿ ರದ್ದು ಮಾಡ್ತು. ಪರಿಹಾರ 2 ಕೋಟಿ ಪೌಂಡ್, ಅದೂ ಒಡೆಯರಿಗೆ! ಬಾರ್ಬಡೋಸ್, ಜಮೈಕಾ ತೋಟಗಳ 1,277 ಜನರ ಲೆಕ್ಕದಲ್ಲಿ ಎರಡನೇ ಅರ್ಲ್‌ಗೆ ಸಿಕ್ಕಿದ್ದು 26 ಸಾವಿರ ಪೌಂಡ್‌ಗೂ ಹೆಚ್ಚು. ದುಡಿದವರಿಗೆ ಬಿಡಿಗಾಸೂ ಇಲ್ಲ. ಮೇಲಾಗಿ 1838ರವರೆಗೂ ಅದೇ ಒಡೆಯರ ಬಿಟ್ಟಿ ಚಾಕರಿ. ಬಿಟ್ಟಿ ಚಾಕರಿ ಅಂದ್ರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹುಟ್ಟಿನಿಂದ ಬಂದ ದೊಡ್ಡಸ್ತಿಕೆ ಅಂತ ಯಾರಾದ್ರೂ ಎದೆ ಉಬ್ಬಿಸಿದ್ರೆ ಕೇಳಿ: ಅದಕ್ಕೆ ದುಡಿದವರು ಯಾರು?

ಜೈ ಭೀಮ್.