ಮುಂಬಯಿ ಹೊರರಾಜ್ಯ ಆಗಿದ್ದು ಯಾವಾಗ?

ನಮ್ಮನೆ ಕೂಸಿನ ಪಿಯುಸಿ ರಿಸಲ್ಟ್ ಬಂದಾಗಿಂದ ಮನೇಲಿ ಒಂದೇ ಮಾತು. ಅದಕ್ಕೆ ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಎಂಎಸ್ಸಿ ಮಾಡವು ಹೇಳಿ ಮನಸ್ಸು. ಅದರ ಅಪ್ಪಂಗೆ ಶಿರಸಿ ಕಾಲೇಜೇ ಸಾಕು ಹೇಳಿ. ಆನು ಮಧ್ಯದಲ್ಲಿ, ಧಾರವಾಡ ಆದ್ರೆ ಅಡ್ಡಿಲ್ಲೆ ಹೇಳ್ತಾ ಇದ್ದಿ. ಇಡಗುಂದಿಂದ ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನದ ಒಳಗೆ ಮುಟ್ಟಲಕ್ಕು, ಜ್ವರ ಬಂತು ಹೇಳಿ ಫೋನ್ ಬಂದ್ರೆ ಅದೇ ದಿನ ಹೋಗಿ ಕರ್ಕಂಡು ಬಪ್ಪಲಕ್ಕು ಹೇಳದು ಯನ್ನ ಲೆಕ್ಕ.

ಒಂದಿನ ಊಟ ಆದ ಮೇಲೆ ಜಗಲಿಲಿ ಕೂತ್ಕಂಡು ಹೇಳ್ದಿ: "ನಮ್ಮನೇಲಿ ಇಲ್ಲಿವರೆಗೆ ಯಾರೂ ಹೊರರಾಜ್ಯದ ಯುನಿವರ್ಸಿಟಿಗೆ ಹೋದವು ಇಲ್ಲೆ. ಈ ಕೂಸೇ ಎಂತಕ್ಕೆ ಮೊದಲು ಹೋಗವು?"

ಅತ್ತೆ ಕವಳ ಹಾಕ್ತಾ ಇತ್ತು. ಎಂತದೂ ಹೇಳಿದ್ದಿಲ್ಲೆ. ಸಂಜೆ ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಇಳಿಸಲೆ ಹೇಳ್ಚು. ಅದರೊಳಗೆ ಹಳೇ ತ್ವಾಟದ ಕಾಗದ ಪತ್ರದ ಸಂತಿಗೆ ಅಜ್ಜನ ಮೆಟ್ರಿಕ್ ಸರ್ಟಿಫಿಕೇಟು ಇತ್ತು. ಅಜ್ಜ ಹೇಳಿರೆ ಯನ್ನ ಮಾವಯ್ಯನ ಅಪ್ಪ. ಕಾಗದ ಹಳದಿ ಆಯ್ದು, ಮಡಚಿದಲ್ಲಿ ಹರಿದ್ದು. ಇಸವಿ 1938. ಮೇಲೆ ಇಂಗ್ಲಿಷ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬಾಂಬೆ ವಿಶ್ವವಿದ್ಯಾಲಯ ಹೇಳಿ.

"ಇದು ಯಾವ ರಾಜ್ಯ ಹೇಳು ನೋಡನ" ಹೇಳಿ ಕೇಳ್ಚು ಅತ್ತೆ.

ಆನು ಆ ಸರ್ಟಿಫಿಕೇಟು ಹಿಡ್ಕಂಡು ಸುಮಾರು ದಿನ ಓದಿದ್ದು, ಕೇಳಿದ್ದು, ನೆನಪು ಮಾಡ್ಕಂಡಿದ್ದು ಇಲ್ಲಿ ಬರೀತಾ ಇದ್ದಿ. ನಿಂಗಳ ಮನೆಲೂ ಈ ವರ್ಷ ಇದೇ ಮಾತು ಇದ್ರೆ ಉಪಯೋಗ ಆಗ್ಲಿ.

ನಂಗಳ ಉತ್ತರ ಕನ್ನಡ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿ ಇತ್ತು. 1862ರಲ್ಲಿ ಅದನ್ನ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ. ಧಾರವಾಡದ ಬದಿಯ ಹತ್ತಿಯನ್ನ ಘಟ್ಟ ಇಳಿಸಿ ಕಾರವಾರ ಬಂದರಿಂದ ಹಡಗಿಗೆ ಹಾಕವು ಹೇಳದು ಆಗಿನ ವ್ಯಾಪಾರಸ್ಥರ ಆಸೆ. ಘಟ್ಟದ ಮೇಲೂ ಕೆಳಗೂ ಒಂದೇ ಪ್ರಾಂತ್ಯ ಆದ್ರೆ ಸಲೀಸು ಹೇಳಿ ಗೆರೆ ಬದಲಾತು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳತ್ತು. ಹತ್ತಿಗಾಗಿ ಎಳೆದ ಆ ಗೆರೆಯಿಂದಾಗಿ ನಂಗಳ ಹುಡ್ರ ಪರೀಕ್ಷೆ ಮುಂಬಯಿಗೆ ಹೋತು.

ಮುಂಬಯಿ, ಮದ್ರಾಸ್, ಕಲ್ಕತ್ತಾ ಮೂರೂ ವಿಶ್ವವಿದ್ಯಾಲಯ ಶುರು ಆಗಿದ್ದು 1857ರಲ್ಲಿ. ಆದ್ರೆ ಆಗ ಯುನಿವರ್ಸಿಟಿ ಹೇಳಿರೆ ಪಾಠ ಮಾಡ ಜಾಗ ಅಲ್ಲ. ಲಂಡನ್ನಿನ ಮಾದರಿಲಿ ಪರೀಕ್ಷೆ ಮಾಡಿ ಪದವಿ ಕೊಡ ಕಚೇರಿ ಅಷ್ಟೆ. ಪಾಠ ನಡೀತಿದ್ದಿದ್ದು ಕಾಲೇಜಿನಲ್ಲಿ. ಮೆಟ್ರಿಕ್ ಪರೀಕ್ಷೆಯನ್ನೂ ಯುನಿವರ್ಸಿಟಿಯೇ ಮಾಡ್ತಿತ್ತು. ಹಂಗಾಗಿ ಅಜ್ಜ ಮುಂಬಯಿ ನೋಡದೇ ಇದ್ರೂ ಸರ್ಟಿಫಿಕೇಟು ಮುಂಬಯಿದು.

ಮೆಟ್ರಿಕ್ ಆದ ಮೇಲೆ ಮುಂದೆ ಕಲಿಯವು ಹೇಳಿರೆ ಧಾರವಾಡದ ಕರ್ನಾಟಕ ಕಾಲೇಜು ಇತ್ತು, ಅದು ಶುರು ಆಗಿದ್ದು 1917ರಲ್ಲಿ. ಅದಕ್ಕಿಂತ ಮೊದಲಿನವಕ್ಕೆ ಪುಣೆ ಇಲ್ಲದಿದ್ರೆ ಮುಂಬಯಿಯೇ ಗತಿ. ಬೇಂದ್ರೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿ ಕಲ್ತರು. ನಂಗಳ ಜಿಲ್ಲೆಯ ಅಂಕೋಲೆ ಬದಿಯ ದಿನಕರ ದೇಸಾಯಿಯವರು ಮುಂಬಯಿಗೆ ಹೋಗಿ ಎಂ.ಎ., ಕಾನೂನು ಎರಡೂ ಮಾಡಿದರು.

ಇದು ಬರೀ ನಂಗಳ ಕಥೆ ಅಲ್ಲ. ಮಂಗಳೂರಿನವಕ್ಕೆ ಮದ್ರಾಸು. ಕಲಬುರ್ಗಿ, ರಾಯಚೂರು, ಬೀದರದವಕ್ಕೆ ಹೈದರಾಬಾದಿನ ಉಸ್ಮಾನಿಯಾ, ಅದು 1918ರದ್ದು, ಅಲ್ಲಿ ಪಾಠ ಉರ್ದುವಿನಲ್ಲಿ. ಮೈಸೂರು ಸಂಸ್ಥಾನದ ಹುಡ್ರೂ 1916ರ ತನಕ ಪದವಿ ತಗಂಡಿದ್ದು ಮದ್ರಾಸಿಂದ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರೂ ಬಿ.ಎ. ಪದವಿ ಮದ್ರಾಸಿಂದು, ಇಂಜಿನಿಯರಿಂಗು ಪುಣೆಲಿ. ಹಂಗೆ ಹೊರಗೆ ಹೋಗಿ ಕಲ್ತು ಬಂದವು ದಿವಾನರಾಗಿದ್ದಾಗಲೇ 1916ರ ಜುಲೈ 27ಕ್ಕೆ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು.

ನಂಗಳ ಬದಿಗೆ ಇನ್ನೂ ತಡ ಆತು. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆ ಆತು, ಅದೂ ಕಚೇರಿ ಮೊದಲು ಮುಂಬಯಿಲೇ! ಮರುವರ್ಷ ಧಾರವಾಡಕ್ಕೆ ಬಂತು. ಅದನ್ನ ಬೆಳೆಸಿದ್ದು ಡಿ.ಸಿ. ಪಾವಟೆಯವರು, 1954ರಿಂದ 1967ರವರೆಗೆ ಉಪಕುಲಪತಿ. ಅವರೂ ಕೇಂಬ್ರಿಜ್‌ಗೆ ಹೋಗಿ ಗಣಿತ ಕಲ್ತು ಬಂದವು. 1956ರ ನವೆಂಬರ್ 1ಕ್ಕೆ ಏಕೀಕರಣ ಆಗಿ ನಂಗ ಮೈಸೂರು ರಾಜ್ಯಕ್ಕೆ ಸೇರಿದ್ಯ. ಅವತ್ತು ಬೆಳಿಗ್ಗೆಯಿಂದ ಮುಂಬಯಿ ಹೊರರಾಜ್ಯ. ಕಲಬುರ್ಗಿಯವಕ್ಕೆ ಹೈದರಾಬಾದು ಹೊರರಾಜ್ಯ. ಯುನಿವರ್ಸಿಟಿಯ ಒಂದು ಕಲ್ಲೂ ಜಾಗ ಬಿಟ್ಟು ಹಂದಿದ್ದಿಲ್ಲೆ, ಗೆರೆ ಮಾತ್ರ ಹಂದಿದ್ದು.

ಕೂಸು ಹೋಪಲೆ ಹಟ ಮಾಡ್ತಾ ಇಪ್ಪ ಹೈದರಾಬಾದ್ ವಿಶ್ವವಿದ್ಯಾಲಯದ್ದೂ ಇದೇ ಕಥೆ. ತೆಲಂಗಾಣ, ಆಂಧ್ರದ ಗಲಾಟೆ ಆದ ಮೇಲೆ 1973ರಲ್ಲಿ ಆರು ಅಂಶದ ಒಪ್ಪಂದ ಹೇಳಿ ಆತು. ಅದರಲ್ಲಿ ಒಂದು ಅಂಶ ಕೇಂದ್ರೀಯ ವಿಶ್ವವಿದ್ಯಾಲಯ. 1974ರಲ್ಲಿ ಶುರು ಆದಾಗ ಅದು ಇದ್ದಿದ್ದು ಆಂಧ್ರಪ್ರದೇಶದಲ್ಲಿ, 2014ರಿಂದ ತೆಲಂಗಾಣದಲ್ಲಿ.

ದೂರ ಹೋದವು ವಾಪಸ್ ಬತ್ತ್ವಿಲ್ಲೆ ಹೇಳದು ಯನ್ನ ಇನ್ನೊಂದು ಹೆದರಿಕೆ. ಅದಕ್ಕೂ ನಂಗಳ ಊರ ಬದಿಲೇ ಉತ್ತರ ಇದ್ದು. ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಕಾಶಿ ವಿದ್ಯಾಪೀಠಕ್ಕೆ ಹೋಗಿ ಕಲ್ತು, ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ತಗಂಡವು. ಆ ಕಾಲಕ್ಕೆ ಮಲೆನಾಡಿನ ಮಾಣಿ ಲಖನೌಗೆ ಹೋಪದು ಹೇಳಿರೆ ಎಷ್ಟು ದಿನದ ಪ್ರಯಾಣ ಆಗಿಕ್ಕು! ವಾಪಸ್ ಬಂದು 1983ರಲ್ಲಿ ಮುಖ್ಯಮಂತ್ರಿ ಆದರು. ದಿನಕರ ದೇಸಾಯಿಯವರು ಮುಂಬಯಿಲೇ ಕೆಲಸ ಮಾಡ್ಕಂಡಿದ್ರೂ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಲಿ ಹೈಸ್ಕೂಲು ತೆಗೆದರು, 1966ರಲ್ಲಿ ಅಂಕೋಲೆಲಿ ಗೋಖಲೆ ಶತಮಾನೋತ್ಸವ ಕಾಲೇಜು ಬಂತು. ತಾವು ಹೋದಷ್ಟು ದೂರ ಉಳಿದವರ ಹುಡ್ರು ಹೋಪದು ಬ್ಯಾಡ ಹೇಳಿ ಕಟ್ಟಿದ್ದು ಅದು. ಇದನ್ನ ಯನ್ನ ಯಜಮಾನ್ರು ತಮ್ಮ ಪಕ್ಷಕ್ಕೆ ಹಿಡ್ಕಂಡ: "ನೋಡು, ದೊಡ್ಡವು ಕಷ್ಟಪಟ್ಟು ಇಲ್ಲೇ ಕಾಲೇಜು ಮಾಡಿ ಕೊಟ್ಟಿದ್ದು ಎಂತಕ್ಕೆ?" ಆ ಮಾತಲ್ಲೂ ಸುಳ್ಳಿಲ್ಲೆ. ಧಾರವಾಡ ಸಣ್ಣದು ಹೇಳಿ ಆನು ಯಾವತ್ತೂ ಹೇಳ್ತಿಲ್ಲೆ.

ಆದ್ರೆ ಇಷ್ಟೆಲ್ಲಾ ಬರೆದು ನೋಡಿದ್ರೆ ಮೇಲಿನ ಹೆಸರೆಲ್ಲಾ ಗಂಡಸ್ರದ್ದೇ. ಮುಂಬಯಿ ವಿಶ್ವವಿದ್ಯಾಲಯ ಹೆಂಗಸ್ರಿಗೆ ಬಾಗಿಲು ತೆಗೆದಿದ್ದು 1883ರಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕೊರ್ನೆಲಿಯಾ ಸೊರಾಬ್ಜಿ ಅಲ್ಲಿಯ ಮೊದಲ ಮಹಿಳಾ ಪದವೀಧರೆ. 1916ರಲ್ಲಿ ಧೋಂಡೋ ಕೇಶವ ಕರ್ವೆಯವರು ಪುಣೆಲಿ ಹೆಂಗಸ್ರಿಗಾಗಿಯೇ ವಿಶ್ವವಿದ್ಯಾಲಯ ಮಾಡಿದರು, ಅದು ಈಗ ಮುಂಬಯಿಲಿ ಇಪ್ಪ ಎಸ್‌ಎನ್‌ಡಿಟಿ. ಹಂಗಾರೆ ಅಜ್ಜ ಮೆಟ್ರಿಕ್ ಮಾಡಕಾದ್ರೆ ಕಾನೂನಿನ ಪ್ರಕಾರ ಬಾಗಿಲು ತೆಗೆದು ಐವತ್ತು ವರ್ಷದ ಮೇಲೆ ಆಗಿತ್ತು. ನಂಗಳ ಮನೆ ಬಾಗಿಲು ತೆಗೆದಿತ್ತಿಲ್ಲೆ.

ಅತ್ತೆ ಮುಲ್ಕಿ ಪರೀಕ್ಷೆ ಪಾಸು. ಹೇಳಿರೆ ಏಳನೇ ಇಯತ್ತೆ. ಲೆಕ್ಕದಲ್ಲಿ ರಾಶಿ ಚುರುಕು, ಈಗಲೂ ಅಡಕೆ ಪಟ್ಟಿ ಒಂದು ಸಲ ನೋಡಿ ತಪ್ಪು ಹಿಡೀತು. ಆ ದಿನ ಸರ್ಟಿಫಿಕೇಟು ಮಡಚಿ ಟ್ರಂಕಿಗೆ ಹಾಕ್ತಾ ಹೇಳ್ಚು: "ಅಜ್ಜಂಗೆ ಪುಣೆಗೆ ಹೋಪಲೆ ಮನಸ್ಸಿತ್ತಡ. ತ್ವಾಟ ನೋಡವು ಯಾರೂ ಇಲ್ಲೆ ಹೇಳಿ ನಿಲ್ಸಿದ್ವಡ. ಅವಂಗೆ ಒಂದು ಕಾರಣನಾದ್ರೂ ಹೇಳಿದ. ಯಂಗೆ ಯಾರೂ ಕಾರಣನೂ ಹೇಳಿದ್ವಿಲ್ಲೆ. ನಿಂಗಳ ಮಗಳಿಗೆ ಬ್ಯಾಡ ಹೇಳದಾದ್ರೆ ಕಾರಣ ಹೇಳಿ ಬ್ಯಾಡ ಹೇಳಿ."

ಅದಾದ ಮೇಲೆ ಆನು ಒಂದು ವಹಿ ತಗಂಡು ಕೂತಿ. 'ಹೊರರಾಜ್ಯ' ಹೇಳ ಒಂದು ಶಬ್ದ ಹೊಡೆದು ಹಾಕಿ, ಉಳಿದ ಕಾರಣ ಎಂತೆಂತ ಇದ್ದು ಹೇಳಿ ಬರೆದಿ.

ಒಂದು, ವಿಷಯ. ಕೂಸಿಗೆ ಬೇಕಾದ ವಿಷಯ ಅಷ್ಟೇ ಚೊಲೋ ರೀತಿಲಿ ಧಾರವಾಡದಲ್ಲಿ ಸಿಕ್ತು ಹೇಳಾದ್ರೆ ದೂರ ಹೋಪ ಅಗತ್ಯ ಇಲ್ಲೆ. ಇದನ್ನ ಕೂಸೇ ನಂಗಕ್ಕೆ ತಿಳಿಸಿ ಹೇಳವು, ಗೆಳತಿ ಹೋಗ್ತು ಹೇಳದು ಕಾರಣ ಅಲ್ಲ.

ಎರಡು, ಹಾಸ್ಟೆಲ್ಲು. ಸೀಟು ಸಿಕ್ಕಿದ ಕೂಡ್ಲೇ ಹಾಸ್ಟೆಲ್ಲೂ ಸಿಕ್ಕಿದ ಹಾಂಗೆ ಅಲ್ಲ. ಮೊದಲ ವರ್ಷದವಕ್ಕೆ ಕೊಡ್ತ್ವಾ, ಐದೂ ವರ್ಷ ಕೊಡ್ತ್ವಾ ಕೇಳಿ ತಿಳ್ಕಳವು. ಹೊರಗೆ ರೂಮು ಮಾಡದು ಹೇಳಾದ್ರೆ ಲೆಕ್ಕವೇ ಬೇರೆ.

ಮೂರು, ದುಡ್ಡು. ಸರ್ಕಾರಿ ಯುನಿವರ್ಸಿಟಿಯ ಫೀ ಖಾಸಗಿ ಕಾಲೇಜಿನಷ್ಟು ಇರ್ತಿಲ್ಲೆ. ಖರ್ಚು ಅಪ್ಪದು ಊಟಕ್ಕೆ, ಓಡಾಟಕ್ಕೆ. ನಂಗಕ್ಕೆ ಅಡಕೆ ದುಡ್ಡು ಬಪ್ಪದು ಕೊನೆಕೊಯ್ಲು ಆದ ಮೇಲೆ, ಫೀ ತುಂಬದು ಮಳೆಗಾಲದಲ್ಲಿ. ಆ ನಾಕು ತಿಂಗಳಿಗೆ ದುಡ್ಡು ಮೊದಲೇ ತೆಗೆದು ಇಡವು. ಊರಿಗೆ ವರ್ಷಕ್ಕೆ ಎಷ್ಟು ಸಲ ಬಪ್ಪದು, ಹುಬ್ಬಳ್ಳಿಂದ ರೈಲಿಗೆ ಎಷ್ಟು, ಇದನ್ನೂ ಬರೆದಿ. ಹುಬ್ಬಳ್ಳಿ–ಅಂಕೋಲಾ ರೈಲು ಬಕ್ಕು ಹೇಳಿ ಕಾಯ್ತಾ ಕೂತ್ರೆ ಕೂಸಿನ ಮಕ್ಕಳ ಕಾಲೇಜೂ ಮುಗಿಗು!

ನಾಲ್ಕು, ಭಾಷೆ. 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯದ ಪದವಿಗೆ ಸಿಯುಇಟಿ ಹೇಳ ಪರೀಕ್ಷೆ ಬೈಂದು. ಅದನ್ನ ಕನ್ನಡದಲ್ಲೂ ಬರೆಯಲಕ್ಕು, ಹದಿಮೂರು ಭಾಷೆಲಿ ಕನ್ನಡವೂ ಒಂದು. ಆದ್ರೆ ಒಳಗೆ ಹೋದ ಮೇಲೆ ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಹುಡ್ರಿಗೆ ಮೊದಲ ವರ್ಷ ಕಷ್ಟವೇ. ಆದ್ರೆ ಉಸ್ಮಾನಿಯಾಕ್ಕೆ ಹೋದ ರಾಯಚೂರಿನ ಹುಡ್ರು ಉರ್ದು ಕಲ್ತು ಪಾಸಾಗಿದ್ವಲೀ.

ಐದು, ಹತ್ರದ್ದು ಯಾವುದಾದ್ರೂ ಇದ್ದಾ? 2009ರಲ್ಲಿ ಕಲಬುರ್ಗಿಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಬಂತು, ಅದೇ ವರ್ಷ ಕಾಸರಗೋಡಿನ ಪೆರಿಯಲ್ಲಿ ಕೇರಳದ್ದು. ಕಾಸರಗೋಡು ಹೊರರಾಜ್ಯ ಹೌದು, 1956ರ ಮೊದಲು ಅದೂ ದಕ್ಷಿಣ ಕನ್ನಡವೇ.

ಇದೆಲ್ಲಾ ಬರೆದು ಕೂಸಿನ ಮುಂದೆ ಇಟ್ಟಿ. ಅದು ಎರಡು ದಿನ ಕೂತು ಒಂದೊಂದಕ್ಕೂ ಉತ್ತರ ಬರೆದು ಕೊಡ್ತು. ಮೂರಕ್ಕೆ ಸರಿಯಾಗಿ ಬರದ್ದು. ಎರಡನೇದಕ್ಕೆ 'ಇನ್ನೂ ಗೊತ್ತಾಯ್ದಿಲ್ಲೆ' ಹೇಳಿ ಬರದ್ದು, ಸುಳ್ಳು ಬರೆದಿದ್ದಿಲ್ಲೆ, ಅದು ಯಂಗೆ ಸಮಾಧಾನ. ಜ್ವರ ಬಂದ್ರೆ ಎಂತ ಮಾಡದು ಹೇಳಿ ಆನು ಕೇಳಿದ್ದಕ್ಕೆ ಮಾತ್ರ ಉತ್ತರ ಇಲ್ಲೆ. ಅದಕ್ಕೆ ಧಾರವಾಡದಲ್ಲೂ ಪೂರ್ತಿ ಉತ್ತರ ಇಲ್ಲೆ, ಹತ್ರ ಇದ್ದು ಹೇಳದು ಬಿಟ್ರೆ.

ಯಜಮಾನ್ರು ಇನ್ನೂ ಹೂಂ ಹೇಳಿದ್ವಿಲ್ಲೆ, ಬ್ಯಾಡ ಹೇಳದನ್ನ ನಿಲ್ಸಿದ್ದ. ಹಾಸ್ಟೆಲ್ಲಿನ ವಿಷಯ ತಿಳಿದ್ರೆ ಹೈದರಾಬಾದು, ಇಲ್ಲದಿದ್ರೆ ಈಗ ಧಾರವಾಡದಲ್ಲಿ ಬಿಎಸ್ಸಿ, ಮುಂದೆ ಎಂಎಸ್ಸಿಗೆ ನೋಡನ ಹೇಳಿ ಇಲ್ಲಿಗೆ ಬಂದು ನಿಂತಿದ್ಯ. ಟ್ರಂಕು ವಾಪಸ್ ಅಟ್ಟಕ್ಕೆ ಹೋತು. ಅಜ್ಜನ ಸರ್ಟಿಫಿಕೇಟಿನ ಅಡಿಗೆ ಅತ್ತೆಯ ಮುಲ್ಕಿ ಸರ್ಟಿಫಿಕೇಟೂ ಸಿಕ್ಕಿತ್ತು. ಅದೊಂದನ್ನ ಆನು ಟ್ರಂಕಿಗೆ ಹಾಕಿದ್ದಿಲ್ಲೆ, ಕೂಸಿನ ಮಾರ್ಕ್ಸ್ ಕಾರ್ಡು ಇಪ್ಪ ಫೈಲಲ್ಲಿ ಇಟ್ಟಿದ್ದಿ.